ಚಾಳೀಸು: ಒಂದು ಪದದ ದಾರಿ, ಒಂದು ಕಣ್ಣಿನ ಕೊರತೆ

ನಲವತ್ತು ದಾಟಿದವರು ಪತ್ರಿಕೆಯನ್ನು ಮುಖದಿಂದ ದೂರ ಸರಿಸಿ, ಬೆಳಕಿನ ಕಡೆಗೆ ತಿರುಗಿಸಿ ಹಿಡಿಯತೊಡಗಿದರೆ ಅವರಿಗೆ ‘ಚಾಳೀಸು ಬಂದಿದೆ’ ಎನ್ನುವುದು ಕನ್ನಡದ ರೂಢಿ. ಕೊರತೆಗೂ ಇದೇ ಹೆಸರು, ಅದಕ್ಕಾಗಿ ಧರಿಸುವ ಕನ್ನಡಕಕ್ಕೂ ಇದೇ ಹೆಸರು. ಚಾಳೀಸು ಬಂತು, ಚಾಳೀಸು ಹಾಕಿಕೊಂಡರು, ಚಾಳೀಸು ಎಲ್ಲೋ ಇಟ್ಟು ಮರೆತರು ಎಂಬ ಮೂರೂ ಮಾತುಗಳು ಒಂದೇ ಮನೆಯಲ್ಲಿ ಕೇಳಿಬರುತ್ತವೆ. ಬೇನೆಯೂ ಮದ್ದೂ ಒಂದೇ ಪದದಲ್ಲಿ ಕೂಡಿರುವ ಇಂಥ ನಿದರ್ಶನಗಳು ಭಾಷೆಯಲ್ಲಿ ವಿರಳ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಪದವು ಎರಡು ಪಾಠಗಳಿಗೆ ಬಾಗಿಲು ತೆರೆಯುತ್ತದೆ: ಒಂದು ಶಬ್ದಸಂಪತ್ತಿನದು, ಇನ್ನೊಂದು ದೇಹದ್ದು.

ಪದದ ದಾರಿಯನ್ನು ಹಿಡಿಯಲು ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರುಗಳಿಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು, ಕೊಡಂಗಲ್ಲಿನೊಡನೆ, ಗುಲಬರ್ಗಾ ಜಿಲ್ಲೆಯಲ್ಲಿತ್ತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಮತ್ತು ಗುಲಬರ್ಗಾಗಳ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಬಂದಿತು, ಈ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಇಂದು ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ತಾಂಡೂರನ್ನು ಹಾದು ಹರಿಯುವ ಕಾಗಿಣಾ ನದಿಯೇ ಮುಂದೆ ಕರ್ನಾಟಕವನ್ನು ಹೊಕ್ಕು ಮಳಖೇಡದ ದಡವನ್ನು ತೊಳೆಯುತ್ತದೆ. ‘ಕವಿರಾಜಮಾರ್ಗ’ದ ನೃಪತುಂಗನ ಮಾನ್ಯಖೇಟವೆಂದರೆ ಅದೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖನಿ, ನಾರಾಯಣಖೇಡದ ಪಶ್ಚಿಮಕ್ಕೆ ಸರಿದಂತೆ ಮರಾಠಿ: ಇದು ಈ ನೆಲದ ನುಡಿಸ್ಥಿತಿ.

ಇಲ್ಲಿ ಒಂದೇ ಕೊರತೆಗೆ ಎರಡು ಹೆಸರುಗಳು ಅಕ್ಕಪಕ್ಕದಲ್ಲಿ ನಿಂತಿವೆ. ಕನ್ನಡದ ಚಾಳೀಸು ಮೂಲತಃ ಒಂದು ಸಂಖ್ಯಾವಾಚಕ. ಮರಾಠಿಯಲ್ಲಿ ‘ಚಾಳೀಸ’ ಎಂದರೆ ನಲವತ್ತು. ‘ಚಾಳಿಶಿ’ ಎಂದರೆ ನಲವತ್ತರ ವಯಸ್ಸು, ಹಾಗೆಯೇ ಆ ವಯಸ್ಸಿನಲ್ಲಿ ಬೇಕಾಗುವ ಕನ್ನಡಕ. ಹಿಂದಿ ಮತ್ತು ದಖನಿಗಳಲ್ಲಿ ಸಂಖ್ಯೆಯ ರೂಪ ‘ಚಾಲೀಸ್’. ಅಲ್ಲಿ ಲಕಾರವಿದೆ, ಳಕಾರವಿಲ್ಲ. ಕನ್ನಡದ ಪದದಲ್ಲಿ ಳಕಾರ ಉಳಿದಿರುವುದರಿಂದ ಅದು ಮರಾಠಿಯ ದಾರಿಯಿಂದ ಬಂದಿತೆಂದು ಊಹಿಸುವುದು ಯುಕ್ತ. ತೆಲುಗಿನವರು ಇದೇ ಕೊರತೆಯನ್ನು ‘ಚತ್ವಾರಂ’ ಎನ್ನುತ್ತಾರೆ. ಕೇಳಿದೊಡನೆ ಸಂಸ್ಕೃತದ ‘ಚತ್ವಾರಿಂಶತ್’ ನೆನಪಾಗುತ್ತದೆ, ಅದೂ ನಲವತ್ತೇ. ಮರಾಠಿಯ ಚಾಳೀಸವಾದರೂ ಪ್ರಾಕೃತದ ಮೂಲಕ ಅದೇ ಚತ್ವಾರಿಂಶತ್ತಿನಿಂದ ಇಳಿದುಬಂದದ್ದು. ಒಂದೇ ಮೂಲದ ಪದವು ತೆಲುಗಿಗೆ ನೇರವಾಗಿ, ಕನ್ನಡಕ್ಕೆ ಸುತ್ತುಬಳಸಿ ಬಂದು, ಗಡಿಯ ಊರೊಂದರಲ್ಲಿ ಎದುರುಬದುರು ಕುಳಿತಿದೆ. ಪರೀಕ್ಷೆಯಲ್ಲಿ ಚಾಳೀಸನ್ನು ಅನ್ಯದೇಶ್ಯವೆಂದು ಬರೆದರೆ ಉತ್ತರ ಸರಿಯೇ. ಆದರೆ ತತ್ಸಮ, ತದ್ಭವ, ಅನ್ಯದೇಶ್ಯಗಳೆಂಬ ಕೋಣೆಗಳ ನಡುವಿನ ಗೋಡೆ ಎಷ್ಟು ತೆಳುವೆಂಬುದನ್ನೂ ಈ ಪದ ತೋರಿಸುತ್ತದೆ.

ದಕ್ಷಿಣದ ಉಳಿದ ಭಾಷೆಗಳು ವಯಸ್ಸನ್ನು ಲೆಕ್ಕಿಸದೆ ಅನುಭವವನ್ನೇ ಹೆಸರಾಗಿಸಿವೆ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಇದಕ್ಕೆ ‘ಬಿಳಿಯ ಎಳುತ್ತು’ ಎಂಬರ್ಥದ ಪದವಿದೆ: ಅಕ್ಷರ ಬೆಳ್ಳಗಾಗಿ ಕಾಗದದಲ್ಲಿ ಕರಗಿಹೋಗುವ ಸ್ಥಿತಿ. ಕಾಸರಗೋಡಿನ ಕನ್ನಡಿಗರಿಗೆ ಇದು ಕಿವಿಗೆ ಪರಿಚಿತ. ವೈದ್ಯರ ಪ್ರೆಸ್‌ಬಯೋಪಿಯಾ ಎಂಬ ಪದವು ಗ್ರೀಕಿನದು. ‘ಮುದಿಗಣ್ಣು’ ಎಂದು ಅದನ್ನು ಕನ್ನಡಿಸಬಹುದು, ಆದರೆ ನಲವತ್ತೆರಡರ ಶಿಕ್ಷಕಿಯೊಬ್ಬರಿಗೆ ಮುದಿಗಣ್ಣು ಬಂದಿದೆ ಎನ್ನುವುದು ಸಭ್ಯತೆಯಲ್ಲ. ಚಾಳೀಸು ಎಂಬುದೇ ಲೇಸು.

ಕನ್ನಡಕ ಎಂಬ ಪದವನ್ನೂ ಒಮ್ಮೆ ನೋಡಬೇಕು. ಕನ್ನಡ ಭಾಷೆಗೂ ಅದಕ್ಕೂ ಸಂಬಂಧವಿಲ್ಲ. ಅದರ ನಂಟು ಕಣ್ಣು ಮತ್ತು ಕನ್ನಡಿಗಳೊಡನೆ. ತಮಿಳಿನ ಕಣ್ಣಾಡಿ ಎಂಬುದು ಇಂದಿಗೂ ಎರಡನ್ನೂ ಸೂಚಿಸುತ್ತದೆ. ತೆಲುಗಿನ ‘ಕಳ್ಳದ್ದಾಲು’ ಎಂದರೆ ಕಣ್ಣಿನ ಅದ್ದಗಳು, ಅರ್ಥಾತ್ ಕಣ್ಣಿನ ಕನ್ನಡಿಗಳು. ಬೀದರ ಸೀಮೆಯ ಮಾತಿನಲ್ಲಿ ಹೆಚ್ಚು ಕೇಳಿಬರುವ ‘ಚಷ್ಮಾ’ ಪಾರಸಿಯ ಚಶ್ಮ್, ಅಂದರೆ ಕಣ್ಣು, ಎಂಬುದರಿಂದ ಬಂದುದು. ಯಾವ ದಾರಿಯಿಂದ ಹೋದರೂ ತಲಪುವುದು ಕಣ್ಣಿಗೇ.

ಇನ್ನು ದೇಹದ ಪಾಠ. ಕಣ್ಣಿನೊಳಗಿನ ಮಸೂರವು ಗಾಜಿನಂತೆ ಗಟ್ಟಿಯಾದ ವಸ್ತುವಲ್ಲ. ಎಳೆಯ ವಯಸ್ಸಿನಲ್ಲಿ ಅದು ಮೆತ್ತಗಿದ್ದು ಆಕಾರ ಬದಲಿಸಬಲ್ಲದು. ಅದರ ಸುತ್ತ ಉಂಗುರದಂತೆ ಸಿಲಿಯರಿ ಸ್ನಾಯುವಿದೆ, ಸ್ನಾಯುವಿಗೂ ಮಸೂರಕ್ಕೂ ನಡುವೆ ಸೂಕ್ಷ್ಮ ತಂತುಗಳಿವೆ. ದೂರದ ಗುಡ್ಡವನ್ನು ನೋಡುವಾಗ ಸ್ನಾಯು ಸಡಿಲವಾಗಿರುತ್ತದೆ, ತಂತುಗಳು ಬಿಗಿದಿರುತ್ತವೆ, ಮಸೂರ ಚಪ್ಪಟೆಯಾಗಿರುತ್ತದೆ. ಕೈಯಲ್ಲಿನ ಪುಸ್ತಕಕ್ಕೆ ದೃಷ್ಟಿ ತಿರುಗಿಸಿದಾಗ ಸ್ನಾಯು ಸಂಕುಚಿಸುತ್ತದೆ, ತಂತುಗಳು ಸಡಿಲುತ್ತವೆ, ಮಸೂರ ತನ್ನ ಸಹಜ ಗುಣದಿಂದ ಉಬ್ಬಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಈ ವಿವರಣೆಯನ್ನು ನೀಡಿದನು. ಪಠ್ಯಪುಸ್ತಕಗಳು ಇದನ್ನು ಕಣ್ಣಿನ ಹೊಂದಾಣಿಕೆ ಎನ್ನುತ್ತವೆ. ಮಸೂರ ಬದುಕಿನುದ್ದಕ್ಕೂ ಈರುಳ್ಳಿಯಂತೆ ಪದರದ ಮೇಲೆ ಪದರವಾಗಿ ಬೆಳೆಯುತ್ತ, ಕ್ರಮೇಣ ಗಡುಸಾಗುತ್ತ ಹೋಗುತ್ತದೆ. ಸ್ನಾಯು ಎಳೆದರೂ ಬಿಟ್ಟರೂ ಅದು ಮೊದಲಿನಂತೆ ಉಬ್ಬುವುದಿಲ್ಲ. ಹತ್ತು ವರ್ಷದ ಮಗು ೭-೮ ಸೆಂಟಿಮೀಟರು ದೂರದ ಅಕ್ಷರವನ್ನು ಸ್ಪಷ್ಟವಾಗಿ ಕಾಣಬಲ್ಲದು. ನಲವತ್ತರ ಹೊತ್ತಿಗೆ ಈ ಅಂತರ ೨೦ರಿಂದ ೨೫ ಸೆಂಟಿಮೀಟರಿಗೂ, ಅರವತ್ತರ ವೇಳೆಗೆ ಸುಮಾರು ಒಂದು ಮೀಟರಿಗೂ ಹಿಗ್ಗುತ್ತದೆ. ತೋಳು ಸಾಲದು ಎಂದು ಹಿರಿಯರು ನಗುವುದುಂಟು. ಆ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಇಲ್ಲಿ ಪಾರಿಭಾಷಿಕ ಪದಗಳ ಒಂದು ತೊಡಕನ್ನು ಗಮನಿಸಬೇಕು. ಶಾಲೆಯ ವಿಜ್ಞಾನದಲ್ಲಿ ‘ಸಮೀಪದೃಷ್ಟಿ’ ಎಂದರೆ ಹತ್ತಿರದ್ದು ಮಾತ್ರ ಕಾಣುವ ದೋಷ, ‘ದೂರದೃಷ್ಟಿ’ ಎಂದರೆ ದೂರದ್ದು ಮಾತ್ರ ಕಾಣುವ ದೋಷ. ಓದುಗನಿಗೆ ಸಮೀಪದೃಷ್ಟಿ ದೋಷವೆಂದರೆ ಸಮೀಪದ್ದು ಕಾಣದ ದೋಷವೆಂದೇ ತೋರುತ್ತದೆ. ದೂರದೃಷ್ಟಿಯೆಂದರೆ ರಾಜಕಾರಣಿಗಳನ್ನು ಹೊಗಳುವ ಮಾತೂ ಹೌದು. ಚಾಳೀಸು ಈ ಎರಡಕ್ಕೂ ಸೇರದು. ದೂರದೃಷ್ಟಿ ದೋಷದಲ್ಲಿ ಕಣ್ಣುಗುಡ್ಡೆಯ ಉದ್ದ ಸಾಲದೆ ಹೋಗಿರುತ್ತದೆ, ಮಕ್ಕಳಲ್ಲಿಯೂ ಅದು ಇರಬಹುದು. ಚಾಳೀಸಿನಲ್ಲಿ ಕಣ್ಣಿನ ಅಳತೆ ಸರಿಯಿದ್ದು, ಹೊಂದಾಣಿಕೆಯ ಶಕ್ತಿ ಮಾತ್ರ ಕುಂದುತ್ತದೆ. ವೈದ್ಯಸಾಹಿತ್ಯವನ್ನು ಅನುವಾದಿಸಹೊರಟವರು ಇವೆರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವುದು ಸಾಮಾನ್ಯವಾದ ತಪ್ಪು; ಜನರ ಬಾಯಲ್ಲಿ ಖಚಿತವಾದ ಪದವೊಂದು ಇರುವಾಗ ಈ ಗೊಂದಲಕ್ಕೆ ಕಾರಣವೇ ಇಲ್ಲ.

ಚಾಳೀಸು ಯಾರನ್ನು ಹೆಚ್ಚು ಕಾಡುತ್ತದೆ? ಓದುವವರನ್ನು ಎಂಬುದು ಮೊದಲು ಹೊಳೆಯುವ ಉತ್ತರ. ಕನ್ನಡ ಲಿಪಿಯ ಸಂದರ್ಭದಲ್ಲಿ ಇದಕ್ಕೊಂದು ವಿಶೇಷವಿದೆ. ಒತ್ತಕ್ಷರವು ಮೂಲಾಕ್ಷರದ ಕೆಳಗೆ, ಅದಕ್ಕಿಂತ ಚಿಕ್ಕದಾಗಿ ಕೂರುತ್ತದೆ. ದ-ಧ, ಡ-ಢ, ಪ-ಫ, ಬ-ಭ ಈ ಜೋಡಿಗಳಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಭೇದ ಕೆಳಗಿನ ಒಂದು ಸೀಳುಗೆರೆಯಷ್ಟೇ. ಪುಟದ ಅಕ್ಷರ ಮಸುಕಾದಾಗ ಮೊದಲು ಮಾಯವಾಗುವುವು ಇಂಥ ಸಣ್ಣ ಗುರುತುಗಳು. ಪಳಗಿದ ಓದುಗರು ಸಂದರ್ಭದ ಬಲದಿಂದ ಪದವನ್ನು ಊಹಿಸಿಕೊಂಡು ಮುಂದೆ ಸಾಗುತ್ತಾರೆ. ಆದುದರಿಂದಲೇ ತಮ್ಮ ಕಣ್ಣು ಕುಂದಿದೆಯೆಂಬುದು ಅವರಿಗೆ ಬೇಗ ತಿಳಿಯುವುದಿಲ್ಲ. ಹಳಗನ್ನಡ ಪದ್ಯವನ್ನೋ ಪರಿಚಯವಿಲ್ಲದ ಹೆಸರನ್ನೋ ಓದುವಾಗ ಊಹೆ ನಡೆಯದು, ಆಗ ಕೊರತೆ ಬಯಲಾಗುತ್ತದೆ. ಗಡಿಯ ತಾಲ್ಲೂಕುಗಳಲ್ಲಿ ಇದರ ಪರಿಣಾಮ ಇನ್ನೊಂದು ಬಗೆಯದು. ಯಾವ ಮನೆಯಲ್ಲಿ ಮಕ್ಕಳು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು ಕನ್ನಡವನ್ನು ಆಡಬಲ್ಲರೇ ಹೊರತು ಓದಲಾರರೋ, ಆ ಮನೆಯಲ್ಲಿ ವಚನದ ಪುಸ್ತಕವನ್ನೋ ಪುರಾಣವನ್ನೋ ಓದಬಲ್ಲ ಕಣ್ಣುಗಳು ಹಿರಿಯರವು ಮಾತ್ರ. ಆ ಕಣ್ಣಿಗೆ ಚಾಳೀಸು ಸಿಗದಿದ್ದರೆ ಮನೆಯ ಕನ್ನಡ ಓದು ಅಲ್ಲಿಗೆ ನಿಲ್ಲುತ್ತದೆ.

ಓದು ಬಾರದವರಿಗೆ ಚಾಳೀಸಿನ ಚಿಂತೆಯಿಲ್ಲ ಎಂಬುದು ಮಾತ್ರ ಶುದ್ಧ ತಪ್ಪು ಗ್ರಹಿಕೆ. ಸೂಜಿಗೆ ದಾರ ಪೋಣಿಸಿ ಕೌದಿ ಹೊಲಿಯುವುದು, ಜೋಳದಲ್ಲಿನ ಕಲ್ಲು ಆರಿಸುವುದು, ಹುಳು ಕೊರೆದ ತೊಗರಿಯನ್ನು ಬೇರ್ಪಡಿಸುವುದು, ಮಾತ್ರೆಯ ಪಟ್ಟಿಯಲ್ಲಿ ಇದು ಯಾವುದೆಂದು ಗುರುತಿಸುವುದು, ಮೊಬೈಲಿನಲ್ಲಿ ಅಂಕಿ ಒತ್ತುವುದು ಎಲ್ಲವೂ ಹತ್ತಿರದ ನೋಟದ ಕೆಲಸಗಳೇ. ತಾಂಡೂರಿನ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಲ್ಲಿಯ ಹಾಸುಗಲ್ಲು ದೂರದೂರದ ನೆಲಗಳನ್ನು ಸೇರಿದೆ. ಕಾಳು ಹಸನು ಮಾಡುವವರಿಗೂ, ಕಲ್ಲಿನ ಮೇಲೆ ಗೆರೆ ಹಾಕಿ ಅಳತೆಗೆ ಕೊಯ್ಯುವವರಿಗೂ ಕಣ್ಣೇ ಬಂಡವಾಳ. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಮೈಸೂರು ಮೂಲದ ಪಿ. ವಿ. ಸತೀಶ್ ಮತ್ತು ಸಂಗಡಿಗರು ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ನವಣೆ, ಸಾಮೆ, ಸಜ್ಜೆ ಮೊದಲಾದ ನಾಟಿ ಬೀಜಗಳನ್ನು ಉಳಿಸಿಕೊಂಡು ಬಂದಿವೆ. ೨೦೧೯ರಲ್ಲಿ ಇವಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸಂದಿತು. ಸಾಮೆಯ ಕಾಳು ಎಷ್ಟು ಸಣ್ಣದೆಂಬುದನ್ನು ಬಲ್ಲವರಿಗೆ, ಬೀಜ ಆಯುವ ಕೆಲಸ ಯಾವ ವಯಸ್ಸಿನಲ್ಲಿ ಕಠಿಣವಾಗುತ್ತದೆಂದು ಹೇಳಬೇಕಾಗಿಲ್ಲ.

ದುಡಿಮೆಗೂ ಚಾಳೀಸಿಗೂ ಇರುವ ನಂಟನ್ನು ಅಳೆದು ನೋಡಿದ ಅಧ್ಯಯನವೊಂದು ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆಯಿತು. ಅದರ ವರದಿ ೨೦೧೮ರಲ್ಲಿ ಪ್ರಕಟವಾಯಿತು. ನಲವತ್ತು ಮೀರಿದ ೭೫೧ ಕಾರ್ಮಿಕರಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ, ಉಳಿದವರಿಗೆ ಅಧ್ಯಯನದ ಕೊನೆಗೆ ಹತ್ತಿರದ ನೋಟದ ಕನ್ನಡಕ ನೀಡಲಾಯಿತು. ಮೊದಲು ಪಡೆದವರು ಕೊಯ್ದ ಎಲೆಯ ತೂಕದಲ್ಲಿನ ಏರಿಕೆ ಮತ್ತೊಂದು ಗುಂಪಿನ ಏರಿಕೆಗಿಂತ ಸುಮಾರು ಶೇಕಡ ೨೧ರಷ್ಟು ಅಧಿಕವಾಗಿತ್ತು. ಚಹಾ ಎಲೆ ಕೊಯ್ಯಲು ಅಕ್ಷರಜ್ಞಾನ ಬೇಡ. ಸರಿಪಡಿಸದೆ ಬಿಟ್ಟ ಚಾಳೀಸಿನಿಂದ ಹತ್ತಿರದ ನೋಟ ಕುಂದಿದವರು ಜಗತ್ತಿನಲ್ಲಿ ೮೨.೬ ಕೋಟಿ ಜನರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಪರಿಹಾರಗಳಲ್ಲಿ ಶಸ್ತ್ರಕ್ರಿಯೆಯನ್ನು ಬಿಟ್ಟು ಉಳಿದವನ್ನು ನೋಡುವುದಾದರೆ, ಅತ್ಯಂತ ಹಳೆಯದೇ ಇಂದಿಗೂ ಅತ್ಯುತ್ತಮವಾದುದು: ಪೀನ ಮಸೂರದ ಕನ್ನಡಕ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಇದು ಹುಟ್ಟಿತು. ಕನ್ನಡ ನಾಡಿನ ಸಾಕ್ಷ್ಯವೊಂದು ವಿಜಯನಗರದ ಕಾಲದ್ದು. ವ್ಯಾಸರಾಯರ ಸಮಕಾಲೀನನಾದ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಚಂಪುವಿನಲ್ಲಿ ಯತಿಗಳು ಕನ್ನಡಕದ ನೆರವಿನಿಂದ ಗ್ರಂಥ ಓದುವ ಉಲ್ಲೇಖವಿದೆ. ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಶೋಧಿಸಿದ ಪಿ. ಕೆ. ಗೋಡೆಯವರು ಇದನ್ನು ಸುಮಾರು ೧೫೨೦ರ ಸಾಕ್ಷ್ಯವಾಗಿ ಚರ್ಚಿಸಿದ್ದಾರೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ಆ ವಸ್ತು ಅವರ ಹಡಗಿನಲ್ಲಿ ಬಂದಿರಬೇಕೆಂಬ ಊಹೆಗೆ ಕಾಲ ಒಪ್ಪುತ್ತದೆ. ಪುರಂದರದಾಸರ ಗುರುಗಳೆಂದು ಓದುವ ವ್ಯಾಸರಾಯರಿಗೂ ಚಾಳೀಸು ಬಂದಿತ್ತು ಎಂಬುದು ದಾಸಸಾಹಿತ್ಯದ ತರಗತಿಯಲ್ಲಿ ನೆನೆಯತಕ್ಕ ಸಂಗತಿ.

ಕನ್ನಡಕದ ಶಕ್ತಿಯನ್ನು ಡಯಾಪ್ಟರ್ ಎಂಬ ಮಾನದಲ್ಲಿ ಹೇಳುತ್ತಾರೆ. ದೂರದ ನೋಟ ಸರಿಯಿದ್ದವರಿಗೆ ನಲವತ್ತರ ಆಸುಪಾಸಿನಲ್ಲಿ +೧.೦೦, ಐವತ್ತರಲ್ಲಿ +೨.೦೦, ಅರವತ್ತರಲ್ಲಿ +೨.೫೦ರಿಂದ +೩.೦೦ ಎಂಬುದು ಸ್ಥೂಲ ಲೆಕ್ಕ. ಇದು ಒಮ್ಮೆ ಕೊಂಡು ಮುಗಿಯುವ ವಸ್ತುವಲ್ಲ, ಅರವತ್ತರವರೆಗೆ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಕನ್ನಡಕ ಹಾಕಿದ್ದರಿಂದಲೇ ಕಣ್ಣು ಕೆಟ್ಟಿತು, ನಂಬರು ಏರಿತು ಎಂದು ದೂರುವವರಿದ್ದಾರೆ. ಹಾಕದಿದ್ದರೂ ಅದು ಏರುತ್ತಿತ್ತು. ಸಂತೆಯಲ್ಲಿ ಸಿಗುವ ಸಿದ್ಧ ಕನ್ನಡಕಗಳು ಎರಡೂ ಕಣ್ಣಿಗೆ ಒಂದೇ ಶಕ್ತಿಯವು. ಎರಡು ಕಣ್ಣೂ ಸಮವಾಗಿದ್ದವರಿಗೆ ಅವು ಸಾಕು. ಶಕ್ತಿ ಬೇರೆಬೇರೆಯಿದ್ದರೆ ತಲೆನೋವು ತರಬಲ್ಲವು. ಓದಲು ಮಾತ್ರ ಮೂಗಿನ ತುದಿಗಿಳಿಸುವ ಅರ್ಧಗಾಜು, ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರಿನೊಡನೆ ತಳಕುಹಾಕಿಕೊಂಡಿರುವ ಎರಡು ಭಾಗದ ಬೈಫೋಕಲ್, ೧೯೫೯ರಲ್ಲಿ ಫ್ರಾನ್ಸಿನಿಂದ ಮಾರುಕಟ್ಟೆಗೆ ಬಂದ ಗೆರೆಯಿಲ್ಲದ ಪ್ರೋಗ್ರೆಸಿವ್, ಇವೆಲ್ಲ ಒಂದೇ ತತ್ವದ ಅನುಕೂಲಗಳು. ಬೈಫೋಕಲ್ ಹೊಸದಾಗಿ ಹಾಕಿದವರು ಮೆಟ್ಟಿಲು ಇಳಿಯುವಾಗ ಎಚ್ಚರದಿಂದಿರಬೇಕು: ಕೆಳಗೆ ನೋಡಿದಾಗ ಓದುವ ಗಾಜು ಅಡ್ಡಬಂದು ಮೆಟ್ಟಿಲ ಅಂಚು ಮಸುಕಾಗುತ್ತದೆ. ಕಣ್ಣಿನ ಮೇಲೆಯೇ ಕೂರುವ ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಕ್ರಮವಿದೆ. ನೀರು ಮತ್ತು ಶುಚಿತ್ವದ ಅನುಕೂಲವಿದ್ದವರಿಗೆ ಅದು ಸಲ್ಲುತ್ತದೆ. ಕಲ್ಲುಪುಡಿ ಹಾರುವ ಕಡೆ ದುಡಿಯುವವರಿಗೆ ಅದು ಹೇಳಿಸಿದ್ದಲ್ಲ.

ಇತ್ತೀಚೆಗೆ ಸುದ್ದಿಯಾದದ್ದು ಕಣ್ಣಿನ ಹನಿ. ದಕ್ಷಿಣ ಅಮೆರಿಕದ ಗಿಡವೊಂದರಿಂದ ಪಡೆಯುವ ಪೈಲೋಕಾರ್ಪಿನ್ ಎಂಬ ವಸ್ತು ಹತ್ತೊಂಬತ್ತನೆಯ ಶತಮಾನದಿಂದಲೂ ಗ್ಲಾಕೋಮಾಕ್ಕೆ ಮದ್ದಾಗಿತ್ತು. ಅದು ಪಾಪೆಯನ್ನು ಕಿರಿದಾಗಿಸುತ್ತದೆ. ಹಸ್ತವನ್ನು ಮುಷ್ಟಿಗಟ್ಟಿ, ನಡುವಿನ ಸಣ್ಣ ಕಿಂಡಿಯಿಂದ ಪುಟವನ್ನು ನೋಡಿದರೆ ಅಕ್ಷರ ತುಸು ಸ್ಪಷ್ಟವಾಗುವುದಲ್ಲವೆ? ಹನಿಯ ಕೆಲಸವೂ ಅದೇ. ಗಡುಸಾದ ಮಸೂರವನ್ನು ಅದು ಮೆತ್ತಗೆ ಮಾಡುವುದಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಚಾಳೀಸಿಗೆಂದು ಶೇಕಡ ೧.೨೫ರ ಪೈಲೋಕಾರ್ಪಿನ್ ಹನಿಗೆ ಅನುಮತಿ ನೀಡಿತು. ಒಂದು ಹನಿಯ ಪರಿಣಾಮ ಕೆಲವು ಗಂಟೆಗಳದು. ಭಾರತದಲ್ಲಿ ಇಂಥ ಹನಿಯೊಂದಕ್ಕೆ ೨೦೨೪ರ ಆಗಸ್ಟಿನಲ್ಲಿ ಅನುಮತಿ ದೊರೆತು, ಓದುವ ಕನ್ನಡಕಕ್ಕೆ ವಿದಾಯವೆಂಬಂತೆ ಪ್ರಚಾರ ನಡೆಯಿತು. ಅನುಮತಿಯಲ್ಲಿಲ್ಲದ ಗುಣಗಳನ್ನು ಹೇಳಿಕೊಂಡದ್ದಕ್ಕಾಗಿ ಸೆಪ್ಟೆಂಬರಿನಲ್ಲಿಯೇ ಕೇಂದ್ರದ ಔಷಧ ನಿಯಂತ್ರಕರು ಅದನ್ನು ಅಮಾನತಿನಲ್ಲಿರಿಸಿದರು. ಪತ್ರಿಕಾಭಾಷೆಯನ್ನು ಅಭ್ಯಸಿಸುವವರು ಆ ಎರಡು ತಿಂಗಳ ಶೀರ್ಷಿಕೆಗಳನ್ನು ಜೋಡಿಸಿ ನೋಡಬಹುದು. ಹನಿಯಿಂದ ತಲೆನೋವು, ಮಬ್ಬುಬೆಳಕಿನಲ್ಲಿ ನೋಟ ಕುಂದುವುದು, ಅಪರೂಪಕ್ಕೆ ಅಕ್ಷಿಪಟಲಕ್ಕೆ ಅಪಾಯ ಉಂಟಾಗುವ ಸಂಭವವಿದೆ. ಪಾಪೆ ಕಿರಿದಾಗಿರುವಾಗ ಇರುಳಿನಲ್ಲಿ ವಾಹನ ನಡೆಸುವುದು ತರವಲ್ಲ. ಕಣ್ಣಿನ ವ್ಯಾಯಾಮದಿಂದ ಚಾಳೀಸು ಹೋಗುತ್ತದೆಂಬ ಪ್ರಚಾರಕ್ಕೆ ಬಲವಾದ ಆಧಾರವಿಲ್ಲ; ಕುಂದಿರುವುದು ಮುಖ್ಯವಾಗಿ ಮಸೂರವಾದ್ದರಿಂದ ಸ್ನಾಯುವನ್ನು ಪಳಗಿಸಿ ದೊರೆಯುವುದು ಅಲ್ಪ. ಒಳ್ಳೆಯ ಬೆಳಕು, ದೊಡ್ಡ ಅಕ್ಷರ, ಕಪ್ಪುಮಸಿಯ ಸ್ಪಷ್ಟ ಮುದ್ರಣ ಮಾತ್ರ ನಿಜಕ್ಕೂ ನೆರವಾಗುತ್ತವೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಎಪ್ಪತ್ತರ ಅಜ್ಜಿಯೊಬ್ಬರು ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಓದತೊಡಗಿದರೆ ಮನೆಯವರು ದೇವರ ದಯೆಯೆಂದು ಹಿಗ್ಗುವುದುಂಟು. ಮಸೂರದ ನಡುಭಾಗದಲ್ಲಿ ಪೊರೆ ಬೆಳೆಯುವಾಗ ಅದರ ಬಾಗಿಸುವ ಶಕ್ತಿ ಹೆಚ್ಚಿ, ಹತ್ತಿರದ ನೋಟ ಕೆಲಕಾಲ ತಿಳಿಯಾಗುತ್ತದೆ. ಮುಂದೆ ದೂರವೂ ಹತ್ತಿರವೂ ಮಸುಕಾಗುತ್ತವೆ. ಸಕ್ಕರೆ ಕಾಯಿಲೆಯಿದ್ದವರಲ್ಲಿ ನೋಟ ದಿನದಿಂದ ದಿನಕ್ಕೆ ಏರುಪೇರಾದರೆ ಅದೂ ಬರಿಯ ಚಾಳೀಸಲ್ಲ. ಸಂತೆಯ ಕನ್ನಡಕ ಕೊಳ್ಳುವ ಮೊದಲು ಒಮ್ಮೆಯಾದರೂ ಕಣ್ಣು ತೋರಿಸಿಕೊಳ್ಳಬೇಕೆಂಬುದು ಇದೇ ಕಾರಣಕ್ಕೆ.

ಈ ತಾಲ್ಲೂಕುಗಳಲ್ಲಿ ಅಂಥ ತಪಾಸಣೆಯನ್ನು ಊರೂರಿಗೆ ತಂದದ್ದು ತೆಲಂಗಾಣ ಸರ್ಕಾರದ ‘ಕಂಟಿ ವೆಲುಗು’ ಯೋಜನೆ. ೨೦೧೮ರ ಆಗಸ್ಟ್ ೧೫ರಂದು ಮೆದಕ್ ಜಿಲ್ಲೆಯ ಮಲ್ಕಾಪುರದಲ್ಲಿ ಅದು ಆರಂಭವಾಯಿತು. ಮೊದಲ ಸುತ್ತಿನಲ್ಲಿಯೇ ಒಂದೂವರೆ ಕೋಟಿಗೂ ಮೀರಿದ ಜನರ ಕಣ್ಣುಗಳನ್ನು ಪರೀಕ್ಷಿಸಲಾಯಿತು. ಎರಡನೆಯ ಸುತ್ತು ೨೦೨೩ರ ಜನವರಿ ೧೮ರಂದು ಖಮ್ಮಂನಲ್ಲಿ ಶುರುವಾಯಿತು. ಓದುವ ಕನ್ನಡಕವನ್ನು ಶಿಬಿರದಲ್ಲಿಯೇ ಉಚಿತವಾಗಿ ಕೊಡುತ್ತಿದ್ದರು. ಹೆಸರಿನ ರಚನೆ ಗಮನಾರ್ಹ. ತೆಲುಗಿನ ಕನ್ನು ಷಷ್ಠಿಯಲ್ಲಿ ‘ಕಂಟಿ’ ಆಗುತ್ತದೆ, ಕನ್ನಡದ ಕಣ್ಣು ‘ಕಣ್ಣಿನ’ ಆಗುವಂತೆ. ‘ವೆಲುಗು’ ಎಂಬುದು ಕನ್ನಡದ ಬೆಳಗು. ತೆಲುಗು ಮತ್ತು ತಮಿಳುಗಳ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವ ನಿಯಮಕ್ಕೆ ವೆನ್ನ-ಬೆಣ್ಣೆ, ವೇಸವಿ-ಬೇಸಗೆಗಳೊಡನೆ ಇದನ್ನೂ ಉದಾಹರಿಸಬಹುದು.

ಹತ್ತಿರದ ನೋಟವನ್ನು ಅಳೆಯುವುದು ೪೦ ಸೆಂಟಿಮೀಟರು ದೂರದಲ್ಲಿ ಹಿಡಿದ ಓದುಪಟ್ಟಿಯಿಂದ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಅಕ್ಷರ ಚಿಕ್ಕದಾಗುತ್ತ ಹೋಗುತ್ತದೆ. ಎನ್-೬ ಎಂಬ ಗಾತ್ರದ ಸಾಲನ್ನು ಓದಲಾಗದಿದ್ದರೆ ಹತ್ತಿರದ ನೋಟ ಕುಂದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆ. ಈ ಗಾತ್ರಗಳು ರೋಮನ್ ಅಚ್ಚುಮೊಳೆಯ ಅಳತೆಯಿಂದ ಹುಟ್ಟಿದವು. ಪಟ್ಟಿಯು ತೆಲುಗಿನಲ್ಲಿದ್ದು ಎದುರು ಕುಳಿತವರು ಕನ್ನಡ ಮಾತ್ರ ಓದಬಲ್ಲವರಾದರೆ, ಅಕ್ಷರ ತಿಳಿಯದೆ ತಡವರಿಸುವುದನ್ನೂ ಅಕ್ಷರ ಕಾಣದೆ ತಡವರಿಸುವುದನ್ನೂ ಪರೀಕ್ಷಕರು ಬೇರ್ಪಡಿಸುವುದು ಸುಲಭವಲ್ಲ. ಲಿಪಿಗಳೆರಡೂ ಅಕ್ಕತಂಗಿಯರಾದುದರಿಂದ ಅರ್ಧ ಊಹೆ ಅರ್ಧ ಓದು ನಡೆದು ಗೊಂದಲ ಇನ್ನೂ ಹೆಚ್ಚುತ್ತದೆ. ಕನ್ನಡದ ಪಟ್ಟಿಯೊಂದನ್ನು ಸಿದ್ಧಪಡಿಸುವವರು ಪ್ರತಿ ಸಾಲಿನಲ್ಲಿಯೂ ಒಂದೆರಡು ಒತ್ತಕ್ಷರಗಳನ್ನು, ಒಂದಾದರೂ ದ-ಧ ಅಥವಾ ಬ-ಭ ಜೋಡಿಯನ್ನು, ಊಹೆಗೆ ಸಿಗದ ಒಂದು ಊರಿನ ಹೆಸರನ್ನು ಇಡಬೇಕಾಗುತ್ತದೆ. ಗಾದೆಯ ಮಾತನ್ನು ಇಟ್ಟರೆ ಹಿರಿಯರು ಕಣ್ಣು ಮುಚ್ಚಿಯೂ ಓದಿಬಿಡುತ್ತಾರೆ.